ಹಸಿರು ದಾರದ ಕಾಗದ

ಕಾಲರಕ್ಕ ಕೆಲಸಕ್ಕೆ ಬಾರದೆ ಒಂದು ವಾರವಾಗಿತ್ತು. ಅವಳ ಮೆಷಿನ್ನಿನ ಮೇಲೆ ಮುಸುಕು ಹಾಗೇ ಇತ್ತು. ಹೊಲಿಗೆ ಕೋಣೆಯ ಹೆಂಗಸರು ಒಮ್ಮೆ ಆ ಕಡೆ ನೋಡುವರು, ಮತ್ತೆ ತಲೆ ತಗ್ಗಿಸಿ ಪೆಡಲ್ ತುಳಿಯುವರು.

ಅಂಗಿಗೆ ಕಾಲರ್ ಕೂರಿಸುವುದರಲ್ಲಿ ಅವಳದ್ದು ಎತ್ತಿದ ಕೈ. ಅದಕ್ಕೇ ಆ ಹೆಸರು. ಹೊಟ್ಟೆಯಲ್ಲಿದ್ದ ಮಗುವನ್ನು ಕಳೆದುಕೊಂಡ ಮೇಲೆ ಅವಳಿಗೆ ಮಂಕು ಕವಿದಿತ್ತು. ಡಾಕ್ಟರು ಮಾತ್ರೆ ಕೊಟ್ಟ ಮೇಲೆ ನಿಧಾನವಾಗಿ ಊಟ ಸೇರತೊಡಗಿತ್ತು, ನಗುವೂ ಬರತೊಡಗಿತ್ತು. ಈ ಮಾತನ್ನು ಅವಳು ಯಾರ ಹತ್ತಿರವೂ ಆಡಿದವಳಲ್ಲ. ಕೋಣೆಯವರೆಲ್ಲ ಸೇರಿ ಆರೋಗ್ಯ ವಿಮೆ ಮಾಡಿಸುವಾಗ ಕೇಳಿದರೆಂದು ಬರೆಸಿದ್ದಳು, ಅಷ್ಟೇ. ಈಗ ಅದು ಬೀದಿಯವರ ಬಾಯಿಗೆ ಬಿದ್ದಿತ್ತು. ಬ್ರೆಡ್ ಅಂಗಡಿಯಾಕೆ ಕಾಲರಕ್ಕನ ತೋಳಿನಿಂದ ತನ್ನ ಕೂಸನ್ನು ಕಿತ್ತುಕೊಂಡು, "ನಿನಗೆ ತಲೆ ಸರಿಯಿಲ್ವಂತಲ್ಲ" ಅಂದುಬಿಟ್ಟಳು. ಅಂದು ಬಾಗಿಲು ಹಾಕಿಕೊಂಡ ಕಾಲರಕ್ಕ ಮಾತ್ರೆಯನ್ನೂ ಬಿಟ್ಟಳು.

ಕೋಣೆಗೆ ಹಿರಿಯಳು ದೊಡ್ಡಕ್ಕ. ಹೊಲಿದು ಮುಗಿದ ಅಂಗಿಗಳಿಗೆ ಇಸ್ತ್ರಿ ಹಾಕಿ ಮಡಚುವವಳು ಅವಳೇ. ಬೇರೆಯವರ ಮಡಿಕೆ ಅವಳಿಗೆ ಹಿಡಿಸದು. ಅಂಗಿ ನೆಟ್ಟಗೆ ನಿಲ್ಲಲಿ ಎಂದು ಒಳಗೊಂದು ರದ್ದಿ ಕಾಗದ ಇಟ್ಟು ಮಡಚುವಳು. ಆ ಬೆಳಿಗ್ಗೆಯೂ ಮಡಚುತ್ತಲೇ ಗೊಣಗುತ್ತಿದ್ದಳು.

"ಇದು ಗುಂಡಿಯಕ್ಕನದೇ ಕೆಲಸ. ವಿಮೆ ಆಫೀಸಿಗೆ ಕಾಗದ ತಗೊಂಡು ಹೋದವಳು ಅವಳಲ್ವಾ? ಕಂಡವರ ಅಂಗಿಗೆಲ್ಲ ಗುಂಡಿ ಹಾಕ್ತಾಳೆ, ತನ್ನ ಬಾಯಿಗೊಂದು ಹಾಕಿಕೊಳ್ಳಲ್ಲ."

ಗುಂಡಿ ಹಾಕಲು ಹೊಸದಾಗಿ ಸೇರಿದ್ದ ಗುಂಡಿಯಕ್ಕ ಸೂಜಿ ಕೆಳಗಿಟ್ಟಳು. "ನಾನು ಮಾತಿನ ಮಲ್ಲಿ, ಒಪ್ಕೊಳ್ತೀನಿ ದೊಡ್ಡಕ್ಕ. ನಿಮ್ಮ ಗೊರಕೆ ವಿಷಯ ನಾಲ್ಕು ಜನಕ್ಕೆ ಹೇಳಿದೀನಿ. ಆದ್ರೆ ಆ ಕಾಗದ ನಾನು ಬಿಚ್ಚಿ ಓದಿದವಳೇ ಅಲ್ಲ." ಅವಳ ಕಣ್ಣು ತುಂಬಿತ್ತು.

ಅಷ್ಟರಲ್ಲಿ ನರ್ಸಮ್ಮ ಒಳಗೆ ಬಂದಳು. ವಿಮೆಯ ಕಾಗದ ತಯಾರು ಮಾಡಿಕೊಟ್ಟವಳು ಅವಳೇ. ಕಾಲರಕ್ಕನ ಮನೆಗೆ ಹೋಗಿ, ಈ ವಿಷಯ ವಿಚಾರಿಸಲೇ ಎಂದು ಅವಳನ್ನು ಕೇಳಿ, ಒಪ್ಪಿಗೆ ಪಡೆದೇ ಬಂದಿದ್ದಳು.

"ಮುಖ ನೋಡಿ ತಪ್ಪು ಹೊರಿಸೋದು ಬೇಡ ದೊಡ್ಡಕ್ಕ. ಮೊದಲು, ವಿಷಯ ಎಲ್ಲಿಂದ ಸೋರಿತು ಅಂತ ನೋಡೋಣ. ಅವತ್ತು ಮೂರು ಪ್ರತಿ ಮಾಡಿದ್ವಿ. ಮೂಲೆಗೆ ನಾನೊಂದು ಹೊಲಿಗೆ ಹಾಕಿದ್ದೆ, ನೆನಪಿದೆಯಾ?"

"ನೆನಪಿಲ್ದೆ ಏನು? ಕಾಗದಕ್ಕೂ ಕಸೂತಿನಾ ಅಂತ ನಕ್ಕಿದ್ವಲ್ಲ."

"ನನ್ನ ಪ್ರತಿಗೆ ಕೆಂಪು ದಾರ. ಆಫೀಸಿಗೆ ಹೋಗಿದ್ದಕ್ಕೆ ನೀಲಿ. ನಿಮ್ಮ ಹತ್ರ ಇಟ್ಟಿದ್ದು ಹಸಿರು. ಒಳಗಿರೋದೆಲ್ಲ ಒಂದೇ. ಆದ್ರೆ ಯಾವುದಾದ್ರೂ ಹೊರಗೆ ಹೋದ್ರೆ, ಯಾರ ಕೈಯಿಂದ ಹೋಯ್ತು ಅಂತ ದಾರವೇ ಹೇಳುತ್ತೆ."

ನರ್ಸಮ್ಮ, ದೊಡ್ಡಕ್ಕ ಇಬ್ಬರೂ ಬ್ರೆಡ್ ಅಂಗಡಿಗೆ ನಡೆದರು. ಅಂಗಡಿಯಾಕೆ ಮೊದಲು ಜೋರು ಮಾಡಿದಳು. ನರ್ಸಮ್ಮ ದನಿ ಏರಿಸಲಿಲ್ಲ. "ನಿಮ್ಮನ್ನ ಬೈಯೋಕೆ ಬಂದಿಲ್ಲ ತಾಯಿ. ನಿಮಗೆ ಹೇಳಿದ್ದು ಯಾರು?"

"ಯಾರೂ ಹೇಳಲಿಲ್ಲ. ಮನೇಲಿ ಒಂದು ಕಾಗದ ಬಿದ್ದಿತ್ತು. ಎಲ್ಲಿಂದ ಬಂತೋ ಗೊತ್ತಿಲ್ಲ." ಆಕೆ ಗಲ್ಲಾ ಪೆಟ್ಟಿಗೆಯ ಅಡಿಯಿಂದ ಅದನ್ನು ಎಳೆದು ಕೊಟ್ಟಳು.

ಮೂಲೆಯಲ್ಲಿ ಹಸಿರು ದಾರವಿತ್ತು.

ದೊಡ್ಡಕ್ಕ ಕಾಗದವನ್ನು ಬೆಳಕಿಗೆ ಹಿಡಿದಳು. ಉದ್ದಕ್ಕೆ ಎರಡು ಗೆರೆ, ಅಡ್ಡಕ್ಕೊಂದು. ಅಂಗಿಯ ಮಡಿಕೆಯ ಗೆರೆಗಳು. ಅಷ್ಟು ನೇರವಾಗಿ ಮಡಚುವ ಕೈ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ. ಅಂಗಡಿಯಾಕೆಯ ಗಂಡನ ಅಂಗಿ ಹೊಲಿದು ಕೊಟ್ಟು ಹತ್ತು ದಿನವಾಗಿತ್ತು. ವಿಮೆಯ ಕಾಗದವನ್ನು ದೊಡ್ಡಕ್ಕ ಇಸ್ತ್ರಿ ಮೇಜಿನ ಕೆಳಗೆ ರದ್ದಿಯ ಪಕ್ಕದಲ್ಲೇ ಇಟ್ಟಿದ್ದಳು.

"ನಾನೇ," ಅಂದಳು. ಕಾಗದವನ್ನು ಮಡಚಿ ಸೆರಗಿಗೆ ಸಿಕ್ಕಿಸಿಕೊಂಡಳು. "ನನ್ನ ತಪ್ಪನ್ನ ಇನ್ನೊಬ್ಬಳ ತಲೆಗೆ ಕಟ್ಟಿದೆನಲ್ಲ."

ನರ್ಸಮ್ಮ ಭುಜ ಮುಟ್ಟಿದಳು. "ಕೈ ಯಾವುದು ಅಂತ ದಾರ ಹೇಳುತ್ತೆ. ಬೇಕಂತ ಆಗಿದ್ದೋ ಮೈಮರೆತು ಆಗಿದ್ದೋ ಅಂತ ನಾವು ಕೇಳಿ ತಿಳೀಬೇಕು. ನಿಮ್ಮದು ಮೈಮರೆವು. ಇನ್ನು ಅದು ಸೋರೋ ಜಾಗ ಗೊತ್ತಾಯ್ತಲ್ಲ, ಮುಚ್ಚೋಣ."

ಅಂಗಡಿಯಾಕೆ ಕೂಸಿನ ತಲೆ ಸವರುತ್ತ ನಿಂತಿದ್ದಳು. "ಓದಿದ್ದನ್ನ ನಾನೂ ನುಂಗಿಕೊಳ್ಳಬೇಕಿತ್ತು," ಅಂದಳು ಮೆಲ್ಲಗೆ.

ದೊಡ್ಡಕ್ಕ ಮೊದಲು ಹೋಗಿ ಗುಂಡಿಯಕ್ಕನ ಕೈ ಹಿಡಿದಳು, ಎಲ್ಲರೆದುರಿಗೇ. "ನನ್ನ ಗೊರಕೆ ವಿಷಯ ಇನ್ನೂ ನಾಲ್ಕು ಜನಕ್ಕೆ ಹೇಳು, ನನಗೆ ಆಗಬೇಕಾದ್ದೇ" ಅಂದಳು. ಆಮೇಲೆ ಒಬ್ಬಳೇ ಕಾಲರಕ್ಕನ ಬಾಗಿಲು ತಟ್ಟಿದಳು. ಕಾಗದವನ್ನು ಅವಳ ಕೈಗಿಟ್ಟು, ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು.

ಕಾಲರಕ್ಕ ಅತ್ತಳು. ಆಮೇಲೆ ಕಾಗದವನ್ನು ಚೂರು ಚೂರು ಮಾಡಿದಳು.

"ಕೋಣೆಯ ಅಕ್ಕ ತಂಗಿಯರೆಲ್ಲ ನನ್ನನ್ನೇ ಆಡಿಕೊಳ್ತಿದ್ದಾರೆ ಅಂದ್ಕೊಂಡಿದ್ದೆ. ಈಗ ಎದೆ ಹಗುರಾಯ್ತು. ಮಾತ್ರೆ ಮತ್ತೆ ಹೇಗೆ ಶುರು ಮಾಡೋದು ಅಂತ ಡಾಕ್ಟರನ್ನ ಕೇಳ್ಬೇಕು. ಜೊತೆಗೆ ಬರ್ತೀಯಾ?"

"ಈಗಲೇ ಏಳು."

ಚಪ್ಪಲಿ ಮೆಟ್ಟುತ್ತ ಕಾಲರಕ್ಕ ಕೇಳಿದಳು, "ಈ ವಾರ ಕಾಲರ್ ಹೊಲಿದಿದ್ದು ಯಾರು?"

"ಗುಂಡಿಯಕ್ಕ."

"ಹಾಗಾದ್ರೆ ನಾಳೆ ಬೇಗ ಬರ್ತೀನಿ. ಎಲ್ಲ ಬಿಚ್ಚಬೇಕಾಗುತ್ತೆ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸಂಘದಲ್ಲೂ ಬೇರೆಯವರ ಕಾಯಿಲೆ, ಕಷ್ಟ, ಫೋನ್ ನಂಬರು ಬರೆದ ಕಾಗದಗಳಿರುತ್ತವೆ. ಅವು ಅವರು ನಿಮ್ಮನ್ನು ನಂಬಿ ಕೊಟ್ಟಿದ್ದು. ಕೆಲಸಕ್ಕೆ ಅಗತ್ಯವಿರುವವರಿಗೆ ಮಾತ್ರ ಕೊಡಿ, ಬೇಕಾದಷ್ಟನ್ನೇ ಕೊಡಿ. ಪ್ರತಿಯೊಂದು ಪ್ರತಿಗೂ ಬೇರೆ ಬೇರೆ ಗುರುತು ಹಾಕಿ. ಫೋನಿನಲ್ಲಿ ಕಳಿಸುವುದಾದರೆ, ಯಾರಿಗೆ ಕಳಿಸುತ್ತೀರೋ ಅವರ ಹೆಸರನ್ನು ಅದರ ಮೇಲೇ ಬರೆಯಿರಿ. ಗುರುತು ಹಾಕಿದ್ದೀರೆಂದು ಮೊದಲೇ ಎಲ್ಲರಿಗೂ ಹೇಳಿಬಿಡಿ, ಆಗ ಎಲ್ಲರೂ ಜೋಪಾನವಾಗಿರುತ್ತಾರೆ. ಕೆಲಸ ಮುಗಿದ ಕಾಗದವನ್ನು ರದ್ದಿಗೆ ಹಾಕದೆ ಹರಿದುಬಿಡಿ. ಇಷ್ಟಾದರೂ ಗುಟ್ಟು ಹೊರಬಿದ್ದರೆ, ಪಕ್ಕದವಳ ಮುಖ ನೋಡುವ ಮೊದಲು ಮೂಲೆಯ ದಾರ ನೋಡಿ. ಅದು ನಿಮ್ಮದೇ ಬಣ್ಣದ್ದಾಗಿದ್ದರೆ ಹೆದರಿ ಬಚ್ಚಿಡಬೇಡಿ. ನೊಂದವರ ಬಾಗಿಲಿಗೆ ಹೋಗಿ ಹೇಳಿ. ಒಳಗೆ ಒಬ್ಬಳು ಕಾಯುತ್ತಿರುತ್ತಾಳೆ.