ಫಿಬಾಳ ಸಾವಿನ ಸುದ್ದಿ

"ಹೆಣ ಎಲ್ಲಿದ್ಯಮ್ಮಾ?"

ಕ್ಲೆಮಿ ಅಜ್ಜಿ ನಮ್ಮ ದ್ವೀಪದ ಹೈಸ್ಕೂಲಿನಲ್ಲಿ ನಾಲ್ಕನೇ ಫಾರ್ಮಿನ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದಳು. ಸಾವಿನ ಮನೆಗೆಂದೇ ಎತ್ತಿಟ್ಟ ಬಿಳಿ ಅಂಗಿ, ಕಂಕುಳಲ್ಲಿ ಜೋಳದ ಮುದ್ದೆಗಳ ಪಾತ್ರೆ. ಹಿಂದೆ ಕಾಫಿ ಕೆಟಲು, ಬ್ರೆಡ್ಡಿನ ಬುಟ್ಟಿ ಹೊತ್ತ ಹತ್ತಿಪ್ಪತ್ತು ಜನ. ಅವರ ಹಿಂದೆ ಡೋಲಿನ ಆಸ್ಬರ್ಟ್.

ಇತಿಹಾಸದ ಟೀಚರ್ ಯುಡೋರಾ ಸೀಮೆಸುಣ್ಣ ಕೆಳಗಿಟ್ಟಳು. "ಯಾವ ಹೆಣ, ಅಜ್ಜಿ?"

"ಯಾವ ಹೆಣ ಅಂತೆ! ಮಧ್ಯಾಹ್ನ ರೇಡಿಯೋದಲ್ಲಿ ಹೇಳಿದ್ರಲ್ಲೇ, ಫಿಬಾ ಹೋದ್ಲು ಅಂತ. ಪಾಪ, ನಲವತ್ತೂ ತುಂಬಿರ್ಲಿಲ್ವಂತೆ. ಯಾರ ಪೈಕಿ ಅಂತ ದಾರಿಯುದ್ದಕ್ಕೂ ತಲೆ ಕೆರ್ಕೊಂಡು ಬಂದೆ, ಹೊಳೀಲಿಲ್ಲ ನೋಡು."

ಹಿಂದಿನ ಬೆಂಚಿನ ಕೆಜಾಯಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

ಆದದ್ದಿಷ್ಟು. ಮುಂದಿನ ವರ್ಷಕ್ಕೆ ಇತಿಹಾಸ ಬೇಕು ಎನ್ನುವವರು ಶುಕ್ರವಾರ ಸಂಜೆಯೊಳಗೆ ಹತ್ತು ಜನ ಹೆಸರು ಕೊಡಬೇಕು, ಇಲ್ಲದಿದ್ದರೆ ಆ ತರಗತಿ ಬಂದ್, ಯುಡೋರಾ ಟೈಪಿಂಗ್ ಕಲಿಸಬೇಕು ಎಂದು ಹೆಡ್ಮಾಸ್ಟರ್ ಬೆತೆಲ್ ಹೇಳಿಬಿಟ್ಟಿದ್ದರು. ಹತ್ತೊಂಬತ್ತು ವರ್ಷ ಕಲಿಸಿದ ಪಾಠ! ಹಾಳೆಯಲ್ಲಿ ನಾಲ್ಕೇ ಹೆಸರಿತ್ತು. ಪುಸ್ತಕ ತೆರೆದರೆ ಸಾಕು, ಕ್ಲಾಸಿಗೆ ಕ್ಲಾಸೇ ಆಕಳಿಸುತ್ತಿತ್ತು. "ಸತ್ತೋರ ಪಾಠ ಯಾರಿಗ್ ಬೇಕು, ಮೇಡಂ?" ಎಂದು ಕೆಜಾಯಾ ಮುಖಕ್ಕೇ ಕೇಳಿದ್ದಳು.

ಆದರೆ ಇದೇ ಮಕ್ಕಳು ಹನ್ನೆರಡೂವರೆಯ ರೇಡಿಯೋದಲ್ಲಿ ಸಾವಿನ ಸುದ್ದಿ ಬಂದರೆ ಉಸಿರು ಬಿಗಿಹಿಡಿದು ಕೇಳುತ್ತಿದ್ದವು. ಯಾರು, ಯಾರ ತಾಯಿ, ಯಾರನ್ನೆಲ್ಲ ಅಗಲಿದ್ದಾರೆ ಎಂಬುದನ್ನು ಒಂದು ಅಡ್ಡಹೆಸರೂ ಬಿಡದೆ ಒಪ್ಪಿಸುತ್ತಿದ್ದವು. ಯುಡೋರಾ ಅದನ್ನೇ ಹಿಡಿದಳು. ಹತ್ತಿ ತೋಟವೊಂದರ 1829ರ ಗುಲಾಮರ ಪಟ್ಟಿಯನ್ನು ಹಂಚಿ, ಆ ಕಾಲದ ಬಗ್ಗೆ ಓದಿಕೊಂಡು ಒಬ್ಬೊಬ್ಬರೂ ಒಂದೊಂದು ಹೆಸರಿಗೆ ಸಾವಿನ ಸುದ್ದಿ ಬರೆಯಿರಿ ಎಂದಳು. ಚೆನ್ನಾಗಿದ್ದದ್ದನ್ನು ಓದಲು ರೇಡಿಯೋದ ಫಿಟ್ಜ್‌ರಾಯ್ ಒಪ್ಪಿದ.

ಫಿಬಾ ಎಂಬ ಹೆಸರಿಗೆ ಕೆಜಾಯಾ ಬರೆದದ್ದೇ ಎಲ್ಲಕ್ಕಿಂತ ಚೆನ್ನಾಗಿತ್ತು. ಜನ ಎಲ್ಲಿ ಸೇರಬೇಕು ಎಂದು ಹೇಳದೆ ನಮ್ಮಲ್ಲಿ ಸಾವಿನ ಸುದ್ದಿ ಮುಗಿಯುವುದಿಲ್ಲವಲ್ಲ, ಅವಳು "ಹೈಸ್ಕೂಲು, ನಾಲ್ಕನೇ ಫಾರ್ಮ್, ಸಂಜೆ ನಾಲ್ಕಕ್ಕೆ" ಎಂದು ಬರೆದಿದ್ದಳು. ಇಸವಿ ಕೊನೆಯಲ್ಲಿತ್ತು. ಜಾಗ ಗೊತ್ತಾದ ಮೇಲೆ ಈ ದ್ವೀಪದಲ್ಲಿ ಯಾರಾದರೂ ರೇಡಿಯೋ ಕೇಳುತ್ತಾ ಕೂರುತ್ತಾರೆಯೇ? ಅಷ್ಟರಲ್ಲಿ ಒಲೆಯ ಮೇಲೆ ಪಾತ್ರೆ ಏರಿರುತ್ತದೆ.

"ಏನ್ರೀ ಇದು ಸಂತೆ!" ಬೆತೆಲ್ ಸಾಹೇಬರು ದಡದಡನೆ ಬಂದರು.

ಯುಡೋರಾ ಬಾಗಿಲಿಗೆ ಬಂದಳು. "ಅಜ್ಜಿ, ತಪ್ಪಾಯ್ತು. ಫಿಬಾ ಸತ್ತು ಹತ್ತಿರ ಹತ್ತಿರ ಇನ್ನೂರು ವರ್ಷ ಆಯ್ತು. ಅದು ಮಕ್ಕಳ ಪಾಠ."

ಆಸ್ಬರ್ಟ್ ಡೋಲು ಕೆಳಗಿಟ್ಟು, "ಅಯ್ಯೋ ದೇವರೇ, ನಾವು ಬರೋದು ಸ್ವಲ್ಪ ತಡ ಆಯ್ತು ಅನ್ನಿ!" ಎಂದ. ಕ್ಲಾಸೆಲ್ಲ ಗೊಳ್ಳೆಂದಿತು. ಬುಟ್ಟಿ ಹೊತ್ತವರೂ ಬಿದ್ದು ಬಿದ್ದು ನಕ್ಕರು.

ಅಜ್ಜಿ ಮಾತ್ರ ನಗಲಿಲ್ಲ. "ಬರ್ದೋಳು ಯಾರು?" ಕೆಜಾಯಾ ಎದ್ದು ನಿಂತಳು. "ಅವಳು ಸತ್ತಾಗ ಯಾರಾದ್ರೂ ಕೂತ್ರಾ? ಕಾಫಿ ಕಾಯ್ಸಿ, ಡೋಲು ಬಡ್ದು?"

ಕೆಜಾಯಾ ಪಟ್ಟಿ ನೋಡಿದಳು. "ಭೇದಿ ಅಂತ ಒಂದ್ ಮಾತು ಬರ್ದಿದಾರೆ. ಆಮೇಲೆ ಹೆಸರಿನ ಮೇಲೆ ಗೆರೆ ಎಳ್ದಿದಾರೆ. ಅಷ್ಟೇ, ಅಜ್ಜಿ."

"ಗೆರೇನಾ? ಥೂ! ಬೆಂಚು ಸರಿಸ್ರೋ, ಏನ್ ನೋಡ್ತಾ ನಿಂತಿದೀರಾ. ಮುದ್ದೆ ಆರೋಗುತ್ತೆ."

ಬೆಂಚು ಸರಿದವು. ಅಜ್ಜಿ ಬಾಗಿಲ ಹೊರಗಿನ ಮಣ್ಣಿಗೆ ಸತ್ತವಳಿಗೆಂದು ನೀರು ಸುರಿದು ಫಿಬಾಳ ಹೆಸರು ಹೇಳಿದಳು. ಆಸ್ಬರ್ಟ್ ಡೋಲು ಹಿಡಿದ. ಪಟ್ಟಿಯಲ್ಲಿರುವ ಫಿಬಾಳ ಮಗ ಕಡ್ಜೋ ನಮ್ಮ ಮನೆತನದವನೇ ಎಂದು ಇಬ್ಬರು ಹೆಂಗಸರು ಜಗಳಕ್ಕೆ ನಿಂತರು, ಮಕ್ಕಳು ಪಟ್ಟಿಯ ಮೇಲೆ ಮುಗಿಬಿದ್ದು ಸಾಕ್ಷಿ ಹುಡುಕಿದರು. ಹತ್ತಿ ಬಿಡಿಸಿದರೆ ಬೆರಳು ಎಲ್ಲಿ ಸೀಳುತ್ತದೆ ಎಂದು ಅಜ್ಜಿ ತನ್ನ ಕೈಯನ್ನೇ ಚಾಚಿ ತೋರಿಸಿದಳು. "ನಮ್ ಕ್ವಾಶಿಗೂ ಹೀಗೇ ಮಾಡೋಣ ಮೇಡಂ, ಪ್ಲೀಸ್!" ಎಂದು ಪಟ್ಟಿಯಿಂದ ಆ ಹೆಸರು ಪಾಲಿಗೆ ಬಂದಿದ್ದ ಎಲ್‌ರಿಕ್ ಹಟ ಹಿಡಿದ. ಬೈಯಲು ಬಂದಿದ್ದ ಹೆಡ್ಮಾಸ್ಟರು ಮೂರನೇ ಮುದ್ದೆ ನುಂಗುತ್ತಿದ್ದರು. ಯುಡೋರಾಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಅಂಥ ಹೊತ್ತಿನಲ್ಲಿ ಸಹಿ ಹಾಕಿ ಎಂದು ಹಾಳೆ ಚಾಚಲು ಅವಳಿಗೆ ನಾಚಿಕೆಯಾಯಿತು.

ಎಲ್ಲರೂ ಎದ್ದಾಗ ಕೆಜಾಯಾ ಅಜ್ಜಿಯ ಪಕ್ಕ ಬಂದಳು. "ಪಟ್ಟೀಲಿ ಗೆರೆ ಎಳ್ದಿರೋಳು ಇನ್ನೊಬ್ಬಳಿದಾಳೆ, ಅಜ್ಜಿ. ಸೂಕಿ, ಹನ್ನೊಂದ್ ವರ್ಷ. ಅಪ್ಪ ಅಮ್ಮ ಯಾರೂ ಇಲ್ಲ. ಯಾರನ್ನ ಅಗಲಿದಾಳೆ ಅಂತ ಬರೀಲಿ?"

"ಯಾರೂ ಇಲ್ದೋರು ಇರ್ತಾರೇನೇ, ಹುಚ್ಚಿ?" ಅಜ್ಜಿ ಅವಳ ಕೆನ್ನೆ ಹಿಂಡಿದಳು. "ನೀನಿಲ್ವಾ?"

ಶುಕ್ರವಾರ ಮಧ್ಯಾಹ್ನ ಯುಡೋರಾ ಅದೇ ನಾಲ್ಕು ಹೆಸರಿನ ಹಾಳೆ ಹಿಡಿದು ಹೆಡ್ಮಾಸ್ಟರರ ಕೋಣೆಗೆ ಹೋದಳು. ಸಂಜೆಯವರೆಗೆ ಕಾಯುವ ಧೈರ್ಯ ಅವಳಿಗಿರಲಿಲ್ಲ. ಸಾಹೇಬರು ಹಾಳೆಯತ್ತ ನೋಡಲೇ ಇಲ್ಲ. "ಕೂತ್ಕೊಳಿ, ಕೂತ್ಕೊಳಿ, ಹನ್ನೆರಡೂವರೆ ಆಯ್ತು," ಎಂದು ರೇಡಿಯೋ ಹಾಕಿದರು.

ಬಂದದ್ದು ಫಿಟ್ಜ್‌ರಾಯ್‌ನ ದನಿಯಲ್ಲ, ಕೆಜಾಯಾಳದು. ಇಸವಿಯನ್ನು ಈ ಸಲ ಮೊದಲೇ ಹೇಳಿದಳು.

"ಸಾವಿರದ ಎಂಟುನೂರ ಇಪ್ಪತ್ತೊಂಬತ್ತು. ಸೂಕಿ, ವಯಸ್ಸು ಹನ್ನೊಂದು. ಹತ್ತಿ ತೋಟದಲ್ಲಿ ತೀರಿಕೊಂಡಳು. ಮುಂದಿನ ವರ್ಷದ ಇತಿಹಾಸದ ಕ್ಲಾಸಿನವರಾದ ಈ ಬಂಧುಗಳನ್ನು ಅಗಲಿದ್ದಾಳೆ. ಕೆಜಾಯಾ ಕಾಂಪ್ಟನ್. ಎಲ್‌ರಿಕ್ ಮೆಕ್‌ಫೀ. ಜನೀಲ್..."

ಯುಡೋರಾ ಕುರ್ಚಿಯ ತುದಿಗೆ ಬಂದಳು. ಸಾಹೇಬರು ಒಂದೊಂದೇ ಬೆರಳು ಮಡಚತೊಡಗಿದರು. ಒಂದು ಕೈಯ ಬೆರಳು ಮುಗಿದವು. ಕೆಜಾಯಾ ಉಸಿರೆಳೆದುಕೊಂಡು ಮುಂದುವರಿಸಿದಳು. ಹತ್ತನೆಯ ಹೆಸರಿಗೆ ಎರಡೂ ಕೈ ಮುಷ್ಟಿಯಾದವು. ರೇಡಿಯೋ ನಿಲ್ಲಲಿಲ್ಲ.

"ನಿಮ್ ಕೈ ಕೊಡಿ ಇಲ್ಲಿ," ಎಂದರು ಸಾಹೇಬರು. ಯುಡೋರಾ ಮೇಜಿನ ಮೇಲೆ ಕೈ ಚಾಚಿದಳು. ಅವರು ಅವಳ ಹೆಬ್ಬೆರಳನ್ನು ಮಡಚಿದರು.