ನಾನು ತಿದ್ದಿದ ಇಪ್ಪತ್ತು ವಾಕ್ಯಗಳು

ಕೆಂಪು ಪೆನ್ಸಿಲ್ಲಿನ ತುದಿ ಮೊಂಡಾದಾಗಲೆಲ್ಲ ಅದನ್ನು ಈಳಿಗೆಮಣೆಯ ಅಲಗಿಗೆ ಹೆರೆದು ಚೂಪು ಮಾಡಿಕೊಳ್ಳುತ್ತಿದ್ದೆ. ಇಂಗ್ಲಿಷ್ ಬಾರದ ನಾನು ಮಗಳ ಇಂಗ್ಲಿಷ್ ವ್ಯಾಕರಣ ತಿದ್ದುತ್ತಿದ್ದುದು ಆ ಪೆನ್ಸಿಲ್ಲಿನಲ್ಲೇ.

ಶಿಕ್ಷಕಿಯರ ತರಬೇತಿಯ ಪ್ರವೇಶ ಪರೀಕ್ಷೆಯಲ್ಲಿ ನಳಿನಿ ಎರಡು ಸಲ ಸೋತಿದ್ದಳು. ಮೂರನೆಯದೇ ಕೊನೆಯ ಅವಕಾಶ. 'ಟು ಸೀ' ಎಲ್ಲಿ ಬರಬೇಕು, 'ಟು ಹ್ಯಾವ್ ಸೀನ್' ಎಲ್ಲಿ ಎಂಬಲ್ಲೇ ಅವಳು ತಡವರಿಸುತ್ತಿದ್ದಳು.

"ಸಾರು ಮಾಡೋದು ಬೇರೆ, ಮಾಡಿ ಮುಗಿಸಿರೋದು ಬೇರೆ. ಇಷ್ಟೇ ಅಮ್ಮ."

"ಇಷ್ಟೇ ಆಗಿದ್ರೆ ನಿಂಗ್ಯಾಕೆ ಬರಲ್ಲ?"

"ನಿನ್ನ ಸಾರು ತಿಂದು ತಲೆ ಓಡುತ್ತಾ?"

ಕಣ್ಣು ಮೊದಲೇ ಉತ್ತರಕ್ಕೆ ಓಡುತ್ತದೆಂದು ಪುಸ್ತಕದ ಕೊನೆಯ ಹಾಳೆಗಳನ್ನು ಕತ್ತರಿಸಿ ನನ್ನ ಕೈಗೆ ಕೊಟ್ಟಿದ್ದಳು. ಉತ್ತರ 'ಎ' ಅಥವಾ 'ಬಿ'. ತಿದ್ದಲು ಆ ಎರಡು ಅಕ್ಷರ ಸಾಕಾಗಿತ್ತು. ಪರೀಕ್ಷೆಗೆ ವಾರವಿದ್ದಾಗ ಅವಳು ಬರೆದುಕೊಟ್ಟ ಇಪ್ಪತ್ತು ವಾಕ್ಯಗಳ ಅಭ್ಯಾಸದ ತಲೆಯ ಮೇಲೆ ಮೂರು ಗುರುತುಗಳಿದ್ದವು: ಕತ್ತರಿಯಂಥದು, ಕಡ್ಡಿಯಂಥದು, ಕವಲಿನಂಥದು. ಉತ್ತರದ ಹಾಳೆಯಲ್ಲಿ ಆ ಮೂರನ್ನೂ ಹುಡುಕಿ, ಪಾತ್ರೆ ತೊಳೆದ ಕೈ ಒರೆಸಿಕೊಂಡು ತಿದ್ದಲು ಕೂತೆ.

"ಹದಿಮೂರು ತಪ್ಪಾ?" ನಳಿನಿಯ ಮುಖ ಬಾಡಿತು. "ಎಲ್ಲಾ ಸರಿ ಇದೆ ಅನ್ಕೊಂಡಿದ್ದೆ. ಸರಿಯಾಗಿ ನೋಡಿದ್ಯಾ ಅಮ್ಮ?"

"ಒಂದೊಂದೂ ಬೆರಳಿಟ್ಟು ನೋಡಿದೀನಿ ಕಣೇ."

ಅವಳು ಕೆಂಪು ಗುರುತಿನ ಹದಿಮೂರನ್ನೂ ಬದಲಿಸಿ, ವಾರವಿಡೀ ಬಾಯಿಪಾಠ ಮಾಡಿದಳು.

ಪರೀಕ್ಷೆಯ ದಿನ ಅವಳ ಚೀಲ ಮಡಿಲಲ್ಲಿಟ್ಟುಕೊಂಡು ಗೇಟಿನ ಹೊರಗೆ ಕೂತಿದ್ದೆ. ತಂಗಿಯನ್ನು ಕರೆತಂದಿದ್ದ ಹೆಂಗಸೊಬ್ಬಳ ಕೈಯಲ್ಲೂ ಅದೇ ಪುಸ್ತಕವಿತ್ತು. ಹೆಮ್ಮೆಯಿಂದ ನಮ್ಮ ನೋಟುಪುಸ್ತಕವನ್ನೂ ಹಾಳೆಗಳನ್ನೂ ತೋರಿಸಿದೆ. ಅವಳು ತುಸು ಹೊತ್ತು ಎರಡನ್ನೂ ನೋಡಿದಳು.

"ಅಕ್ಕಾ, ಇದು ಹದಿನಾಲ್ಕನೇ ಅಭ್ಯಾಸ. ನೀವು ತಾಳೆ ನೋಡಿರೋದು ಹದಿನಾರರ ಉತ್ತರಕ್ಕೆ. ಇವು ರೋಮನ್ ಅಂಕಿ, ಎರಡಕ್ಕೂ ಗುರುತು ಅವೇ ಮೂರು. ಕಡ್ಡಿ ನಡುವೆ ಇದ್ರೆ ಹದಿನಾಲ್ಕು, ಕೊನೇಲಿ ಇದ್ರೆ ಹದಿನಾರು."

ಅವಳೇ ಸರಿಯಾದ ಸಾಲಿಗೆ ಹೋಲಿಸಿದಳು. ನಳಿನಿ ಮೊದಲು ಬರೆದದ್ದರಲ್ಲಿ ಒಂದೇ ಒಂದು ತಪ್ಪಿತ್ತು.

ಗೇಟಿಗೆ ಓಡಿದೆ. "ಒಂದೇ ಒಂದು ಮಾತು ಹೇಳ್ಬೇಕಪ್ಪ, ನನ್ನ ಮಗಳಿಗೆ."

"ಆ ಒಂದು ಮಾತಿಗೇ ಕಾಪಿ ಅನ್ನೋದಮ್ಮ," ಎಂದ ಕಾವಲುಗಾರ, ಬೈಯದೆ. "ಹೋಗಿ, ನೆರಳಲ್ಲಿ ಕೂತ್ಕೊಳ್ಳಿ."

ಸರಳುಗಳ ಆಚೆ ಕಿಟಕಿಗಳ ಸಾಲು ಕಾಣುತ್ತಿತ್ತು. ಅವಳು ಯಾವ ಕಿಟಕಿಯ ಹಿಂದಿದ್ದಾಳೆಂಬುದೂ ನನಗೆ ತಿಳಿದಿರಲಿಲ್ಲ. ಎರಡು ಗಂಟೆ ಹಾಗೇ ನಿಂತೆ.

ನಳಿನಿ ಓಡುತ್ತಲೇ ಹೊರಬಂದಳು. "ಅಮ್ಮಾ, ಅವೇ ವಾಕ್ಯಗಳು ಬಂದಿದ್ವು, ಒಂಬತ್ತು! ನೀನು ತಿದ್ದಿದ ಹಾಗೇ ಬರ್ದೆ. ನನ್ನ ತಲೆ ನಂಬಿದ್ರೆ ಹಳೇ ತಪ್ಪೇ ಬರೀತಿದ್ದೆ ನೋಡು!"

ಹೇಳಲೆಂದು ಬಾಯಿ ತೆರೆದೆ.

"ಹಸಿವು ಅಮ್ಮ," ಎಂದಳು.

ತಂದಿದ್ದ ಕಿತ್ತಳೆ ಸುಲಿದೆ. ಒಂದೊಂದು ತೊಳೆಯ ನಾರು ಬಿಡಿಸಿ, ಬೀಜ ತೆಗೆದು, ಅವಳ ಅಂಗೈಗೆ ಇಡುತ್ತ ಹೋದೆ. ನನ್ನ ಮೊಣಕೈವರೆಗೂ ರಸ ಇಳಿಯುತ್ತಿತ್ತು. "ಎಷ್ಟು ಸಿಹಿ ಇದೆ, ನೀನೂ ತಿನ್ನು," ಎಂದು ಅವಳು ಒಂದು ತೊಳೆಯನ್ನು ನನ್ನ ತುಟಿಗೆ ಹಿಡಿದಳು.