ಅವಳ ಹೆಸರಿನಲ್ಲಿ

"ಒಂದು ಹೆಸರೂ ಕಾಣ್ತಿಲ್ಲ ಅಕ್ಕ," ಎಂದು ಹೆಡ್ ಸಿಸ್ಟರ್ ಫೋನಿನಲ್ಲಿ ಹೇಳಿದಾಗ ಟಕಟಕಕ್ಕ ಆಗಷ್ಟೇ ಬಂದು ಕನ್ನಡಕ ಒರೆಸಿಕೊಳ್ಳುತ್ತಿದ್ದಳು. ಆಪರೇಷನ್ನಿಗೆ ಕಾಯುವವರ ಪಟ್ಟಿ ಖಾಲಿಯಾಗಿತ್ತು. ಎರಡು ಸಾವಿರದ ಮುನ್ನೂರು ಜನ, ಅದರಲ್ಲಿ ಕೆಲವರು ಎಂಟು ತಿಂಗಳಿಂದ ಕಾದವರು, ಹೇಳಹೆಸರಿಲ್ಲದಂತೆ ಮಾಯವಾಗಿದ್ದರು. ಸೊಂಟದ ಕೀಲು ಸವೆದ ಅಜ್ಜಿಯೊಬ್ಬರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಮಗಳು ಕೌಂಟರಿನ ಮುಂದೆ ನಿಂತಿದ್ದಾಳೆ, ಇವತ್ತೇ ಅವರ ಸರದಿ, ಏನು ಹೇಳಲಿ ಎಂದು ಸಿಸ್ಟರ್ ಕೇಳಿದಳು.

"ಕೂತಿರೋಕೆ ಹೇಳಿ. ಪಟ್ಟಿ ತಂದುಕೊಡ್ತೀನಿ," ಎಂದಳು ಇವಳು.

ಆ ಆಸ್ಪತ್ರೆಯ ಡೇಟಾಬೇಸ್ ನೋಡಿಕೊಳ್ಳುವುದು ಹನ್ನೊಂದು ವರ್ಷದಿಂದ ಅವಳ ಕೆಲಸ. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪು ಮಾಡುವುದೊಂದೇ ಅವಳಿಗೆ ಗೊತ್ತಿದ್ದ ದಾರಿ. ಕೀಬೋರ್ಡಿನ ಆ ಸದ್ದಿನಿಂದಲೇ ಟಕಟಕಕ್ಕ ಎಂಬ ಹೆಸರು ಬಿದ್ದಿತ್ತು. ಇನ್ನೊಂದು ಅಭ್ಯಾಸವೂ ಇತ್ತು. ಏನನ್ನಾದರೂ ಅಳಿಸುವ ಅಥವಾ ಬದಲಿಸುವ ಕಮಾಂಡ್ ಆದರೆ, ಎಂಟರ್ ಒತ್ತುವ ಮೊದಲು ಎರಡೂ ಕೈ ಮಡಿಲಲ್ಲಿಟ್ಟು ಆ ಸಾಲನ್ನು ಗಟ್ಟಿಯಾಗಿ ಓದುವಳು. ಅದು ಅಪ್ಪ ಕಲಿಸಿದ್ದು. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿ ಬೆರಳು ಕಪ್ಪಾಗಿಸಿಕೊಂಡ ಮನುಷ್ಯ ಅವರು. ಕೈ ಕೆಲಸದಲ್ಲಿರುವಾಗ ಕಣ್ಣು ಸುಳ್ಳು ಹೇಳುತ್ತದೆ, ಕೈ ಬಿಟ್ಟು ಬಾಯಿಬಿಟ್ಟು ಓದು ಎನ್ನುತ್ತಿದ್ದರು. ಆಫೀಸಿನಲ್ಲಿ ಇದಕ್ಕೆ ನಗದವರಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ಮ್ಯಾನೇಜರು. ಎರಡು ವರ್ಷದ ಹಿಂದೆ ಬಂದವನು ಬಂದ ತಿಂಗಳೇ ಬಟನ್ನು, ಬಣ್ಣ, ಚಿತ್ರ ಎಲ್ಲ ಇರುವ ಹೊಸ ಟೂಲ್ ಹಾಕಿಸಿದ. ಇನ್ನು ಯಾರು ಬೇಕಾದರೂ ಮೌಸ್ ಹಿಡಿದು ಡೇಟಾಬೇಸ್ ನೋಡಿಕೊಳ್ಳಬಹುದು, ಮಂತ್ರ ಹೇಳುವವರು ಬೇಡ ಎಂದು ಸಭೆಯಲ್ಲೇ ಅಂದ. ಹಜಾರದ ಗೋಡೆಗೆ ಬಾಗಿಲಷ್ಟಗಲದ ಪರದೆ ತಗುಲಿಹಾಕಿಸಿ, ಅದರಲ್ಲಿ ಎಲ್ಲ ಸರಿಯಿದೆ ಎನ್ನುವ ಹಸಿರು ದೀಪಗಳು ಸಾಲಾಗಿ ಉರಿಯುವ ಹಾಗೆ ಮಾಡಿದ. ಬಂದವರಿಗೆಲ್ಲ ಅದನ್ನು ತೋರಿಸುವುದೇ ಅವನ ಅರ್ಧ ಉದ್ಯೋಗವಾಯಿತು. ಟೂಲ್ ಹಾಕಿದ ದಿನ, ಬರೀ ಪರೀಕ್ಷೆಗೆ, ಒಂದು ಸಲ ನಿಮ್ಮ ಪಾಸ್‌ವರ್ಡ್ ಹೊಡೀರಿ ಎಂದು ಅವಳನ್ನು ಕರೆದಿದ್ದ. ಅವಳು ಹೊಡೆದಳು. 'ನೆನಪಿಟ್ಟುಕೋ' ಎಂಬ ಚೌಕದ ಮೇಲೆ ಅವನು ಕ್ಲಿಕ್ ಮಾಡಿದ.

ಅಲ್ಲಿಂದಾಚೆಗೆ ಅವನ ಕೋಣೆಯಲ್ಲಿ ನಡೆದ ಕ್ಲಿಕ್ಕೆಲ್ಲ ಅವಳ ಹೆಸರಿನಲ್ಲೇ. ಬೇರೆ ಹೆಸರು ಮಾಡಿಕೊಡುತ್ತೇನೆ ಎಂದು ಅವಳು ಎರಡು ಸಲ ಬರೆದು ಕೇಳಿದಳು. ಗೋಡೆಯ ಪರದೆಯೂ ಇದೇ ಹೆಸರಿನಲ್ಲಿ ಓಡುತ್ತಿದೆ, ಬದಲಿಸಿದರೆ ಆರಿಹೋಗುತ್ತದೆ, ಆಮೇಲೆ ನೋಡೋಣ, ನಾವೆಲ್ಲ ಒಂದೇ ಮನೆಯವರಲ್ಲವೇ ಎಂದ. ಪಾಸ್‌ವರ್ಡ್ ಬದಲಿಸಿಬಿಡುವುದು ಅವಳ ಕೈಯಲ್ಲೇ ಇತ್ತು. ಸುಮ್ಮನೆ ಯಾಕೆ ನಿಷ್ಠುರ ಎಂದು ಬಿಟ್ಟಳು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ ಎನ್ನುವುದು ಇಂಥವರಿಗೇ.

ಆ ಬೆಳಿಗ್ಗೆ ಅವಳು ಲಾಗ್ ತೆರೆದು ನೋಡಿದಳು. ಯಾವ ಕೆಲಸ ಯಾವ ಹೊತ್ತಿಗೆ, ಯಾರ ಹೆಸರಿನಲ್ಲಿ ಆಯಿತು ಎಂದು ಡೇಟಾಬೇಸ್ ತಾನೇ ಬರೆದಿಡುವ ದಾಖಲೆ ಅದು. ಒಂಬತ್ತು ಗಂಟೆ ಐವತ್ತೊಂದು ನಿಮಿಷಕ್ಕೆ ಇಡೀ ಪಟ್ಟಿ ಅವಳದೇ ಹೆಸರಿನಲ್ಲಿ ಅಳಿಸಿಹೋಗಿತ್ತು. ನಡೆದದ್ದು ಇಷ್ಟೇ. ಆಪರೇಷನ್ ಮುಗಿದ ನಲವತ್ತು ಹೆಸರನ್ನು ಮಾತ್ರ ಮ್ಯಾನೇಜರು ಪರದೆಗೆ ತಂದುಕೊಂಡು, 'ಎಲ್ಲ ಆರಿಸು' ಒತ್ತಿ, ಅಳಿಸು ಎಂದಿದ್ದ. ಅವನ ಲೆಕ್ಕದಲ್ಲಿ ಎಲ್ಲ ಎಂದರೆ ಕಣ್ಣಿಗೆ ಕಂಡ ನಲವತ್ತು. ಟೂಲ್ ಲೆಕ್ಕದಲ್ಲಿ ಕಾಣದವರೂ ಸೇರಿ ಎಲ್ಲ. ಖಂಡಿತವೇ ಎಂದು ಅದು ಕೇಳಿತ್ತು, ಹೌದು ಎಂದಿದ್ದ. ಅಷ್ಟಾದರೂ ಗೋಡೆಯ ಮೇಲಿನ ದೀಪಗಳೆಲ್ಲ ಹಸಿರಾಗಿಯೇ ಉರಿಯುತ್ತಿದ್ದವು.

ದಿನವೂ ಬೆಳಗಿನ ಜಾವ ತೆಗೆದಿಡುವ ಡೇಟಾಬೇಸಿನ ನಕಲನ್ನು ಅವಳು ಪಕ್ಕದ ಸರ್ವರಿನಲ್ಲಿ ಬಿಚ್ಚಿದಳು. ಆಮೇಲಿನ ಒಂದೊಂದು ಬದಲಾವಣೆಯನ್ನೂ ಅದರ ಮೇಲೆ ಮತ್ತೆ ನಡೆಸಿ, ಒಂಬತ್ತು ಐವತ್ತಕ್ಕೆ ಸರಿಯಾಗಿ ನಿಲ್ಲಿಸಿದಳು. ಮ್ಯಾನೇಜರು ಹಿಂದೆ ನಿಂತು, ಟೂಲಿನಲ್ಲಿ ಇದಕ್ಕೊಂದು ಬಟನ್ ಇರಬೇಕು, ಇರಬೇಕು ಎನ್ನುತ್ತಲೇ ಇದ್ದ. ಅವಳು ಕೈ ಮಡಿಲಲ್ಲಿಟ್ಟು, ಪಟ್ಟಿಯನ್ನು ವಾಪಸ್ ತರುವ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿ ಎಂಟರ್ ಒತ್ತಿದಳು. ಹನ್ನೊಂದೂ ಮುಕ್ಕಾಲಿಗೆ ಗಾಲಿಕುರ್ಚಿಯ ಅಜ್ಜಿ ಒಳಗೆ ಹೋದರು.

ಮಾರನೆಯ ದಿನ ಬಂದದ್ದು ಶಹಭಾಸ್‌ಗಿರಿಯಲ್ಲ, ಮ್ಯಾನೇಜರ ಸಹಿಯಿದ್ದ ಪತ್ರ. ರೋಗಿಗಳ ಪಟ್ಟಿ ನಿಮ್ಮ ಹೆಸರಿನಲ್ಲಿ ಅಳಿಸಿಹೋಗಿದೆ, ತಪ್ಪೊಪ್ಪಿ ಬರೆದುಕೊಡಿ, ಇಲ್ಲವಾದರೆ ಸೋಮವಾರದಿಂದ ಕೆಲಸವಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ಕೇಳಿದ್ದೆವು. ಇಲ್ಲಿ ಎತ್ತೇ ಕುಳಿತು ಬರೆಯ ಕಬ್ಬಿಣ ಕಾಯಿಸಿತ್ತು.

ಸಂಜೆ ಮನೆಯಲ್ಲಿ ಅಪ್ಪ ಪತ್ರವನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಪಾಸ್‌ವರ್ಡ್ ಕೊಟ್ಟ ಕಥೆಯನ್ನೂ ಕೇಳಿದರು.

"ಖಾಲಿ ಕಾಗದಕ್ಕೆ ಸಹಿ ಹಾಕಿ ಕೊಟ್ಟಿದ್ದೆ ಹಾಗಾದ್ರೆ," ಎಂದರು.

"ಹೂಂನಪ್ಪ."

"ಅದಕ್ಕೆ ನಾಚಿಕೆ ಪಡು. ಮಾಡದೇ ಇರೋದಕ್ಕೆ ಪಡಬೇಡ."

ಶುಕ್ರವಾರ ದೊಡ್ಡ ಡಾಕ್ಟರ ಕೋಣೆಯಲ್ಲಿ ವಿಚಾರಣೆ. ಆಸ್ಪತ್ರೆಗೆ ಅವರೇ ಮುಖ್ಯಸ್ಥರು. ಮ್ಯಾನೇಜರು ಟೂಲ್ ತೆರೆದು, ಅಳಿಸಿದವರು ಎಂಬಲ್ಲಿ ಇದ್ದ ಅವಳ ಹೆಸರನ್ನು ದೊಡ್ಡದು ಮಾಡಿ ತೋರಿಸಿದ. ಟೂಲ್ ತೋರಿಸುತ್ತಿದ್ದದ್ದು ಅಷ್ಟನ್ನೇ. ಅವಳು ಲಾಗಿನ ಸಾಲನ್ನು ಇಡಿಯಾಗಿ ಅಚ್ಚು ಹಾಕಿಸಿ ತಂದಿದ್ದಳು. ಹೆಸರಿನ ಪಕ್ಕದಲ್ಲಿ, ಆ ಕೆಲಸ ಯಾವ ಕಂಪ್ಯೂಟರಿನಿಂದ, ಯಾವ ಪ್ರೋಗ್ರಾಮಿನಿಂದ ಬಂತು ಎಂಬುದೂ ಇತ್ತು. ಕಂಪ್ಯೂಟರು ಮ್ಯಾನೇಜರ ಕೋಣೆಯದು. ಪ್ರೋಗ್ರಾಮು ಅವನ ಬಣ್ಣದ ಟೂಲು. ನೀವೂ ಬಂದು ಅಲ್ಲಿ ಕೂತಿರಬಹುದು ಎಂದು ಅವನು ತಡವರಿಸಿದ.

"ಮೌಸ್ ಹಿಡಿಯೋಕೆ ಬರದ ಹೆಂಗಸು ಅಂತ ಎರಡು ವರ್ಷದಿಂದ ಎಲ್ಲರ ಮುಂದೆ ಆಡ್ಕೊಂಡ್ರಿ. ಒಂದೇ ದಿನಕ್ಕೆ ಕಲಿತುಬಿಟ್ನಾ?" ಎಂದಳು.

ದೊಡ್ಡ ಡಾಕ್ಟರು ಕಾಗದ ನೋಡಿದರು, ಮ್ಯಾನೇಜರ ಮುಖ ನೋಡಿದರು. ಅವರಿಗೆ ತಿಳಿಯಿತು, ತಿಳಿಯದಷ್ಟು ದಡ್ಡರೇನಲ್ಲ. ತಿಳಿದೂ ಅವರು ಮಾಡಿದ್ದು ನೋಡಿ. ಪಟ್ಟಿ ಹೇಗೂ ಸಿಕ್ಕಿತಲ್ಲಮ್ಮ, ಇನ್ನು ಎಳೆದಾಡುವುದು ಬೇಡ, ಆಸ್ಪತ್ರೆಯ ಮಾನದ ಪ್ರಶ್ನೆ, ದಾಖಲೆಯಲ್ಲಿ ನಿಮ್ಮ ಹೆಸರಿದೆ, ಸಣ್ಣ ಕೈತಪ್ಪು ಎಂದು ಸಹಿ ಹಾಕಿದರೆ ನಿಮ್ಮ ಕೆಲಸಕ್ಕೂ ತೊಂದರೆಯಿಲ್ಲ ಎಂದು ಮೆತ್ತಗೆ ಹೇಳಿ, ಟೈಪು ಮಾಡಿಟ್ಟ ಹಾಳೆಯನ್ನು ಪೆನ್ನಿನ ಜೊತೆ ಮುಂದಕ್ಕೆ ಸರಿಸಿದರು. ಇಂಥ ಮೆತ್ತಗಿನ ಮಾತಿಗಿಂತ ಕಪಾಳಕ್ಕೆ ಹೊಡೆಯುವುದು ವಾಸಿ.

ಅವಳು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಆ ಹಾಳೆಯನ್ನು ಗಟ್ಟಿಯಾಗಿ ಓದಿದಳು. ಒಂದು ಅಕ್ಷರ ಬಿಡಲಿಲ್ಲ. ಈ ಸಲ ಯಾರೂ ನಗಲಿಲ್ಲ.

"ಇದು ತಪ್ಪಿದೆ ಸಾರ್. ನಾನು ಎಂಟರ್ ಒತ್ತಲ್ಲ," ಎಂದು ಎದ್ದಳು. ಲಾಗಿನ ಪ್ರತಿಯನ್ನು ಮಾತ್ರ ಅವರ ಮೇಜಿನ ಮೇಲೇ ಬಿಟ್ಟಳು.

ತನ್ನ ಜಾಗಕ್ಕೆ ಬಂದು ಕೂತು ಕಪ್ಪು ಪರದೆ ತೆರೆದಳು. ಸೋಮವಾರ ಏನಾಗುತ್ತದೋ ಅವಳಿಗೆ ಗೊತ್ತಿರಲಿಲ್ಲ. ವಾರ್ಡುಗಳ ಕೆಲಸ ನಡೆಯುತ್ತಿದ್ದದ್ದು ಬೇರೆ ಹೆಸರಿನಲ್ಲಿ, ಅದಕ್ಕೆ ಏನೂ ಆಗದು ಎಂಬುದನ್ನು ಮೊದಲು ಖಚಿತ ಮಾಡಿಕೊಂಡಳು. ಆಮೇಲೆ ತನ್ನ ಪಾಸ್‌ವರ್ಡ್ ಬದಲಿಸುವ ಒಂದು ಸಾಲು, ಆ ಹೆಸರಿನಲ್ಲಿ ತೆರೆದಿದ್ದ ಹಳೆಯ ಸಂಪರ್ಕಗಳನ್ನು ಕಡಿಯುವ ಇನ್ನೊಂದು ಸಾಲು ಟೈಪು ಮಾಡಿದಳು. ಕೈ ಮಡಿಲಿಗೆ ತಂದು, ಪಾಸ್‌ವರ್ಡ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಗಟ್ಟಿಯಾಗಿ ಓದಿದಳು. ಎಂಟರ್ ಒತ್ತಿದಳು.

ಹಜಾರದಲ್ಲಿ ಹೆಡ್ ಸಿಸ್ಟರ್ ಪಟ್ಟಿ ಹಿಡಿದು ಮುಂದಿನ ಹೆಸರು ಕೂಗುತ್ತಿದ್ದಳು. ಅವಳ ತಲೆಯ ಮೇಲೆ, ಗೋಡೆಯ ಹಸಿರು ದೀಪಗಳು ಒಂದೊಂದಾಗಿ ಆರಿದವು. ವಿಚಾರಣೆ ಮುಗಿಸಿ ಬರುತ್ತಿದ್ದ ಮ್ಯಾನೇಜರು ನಡುವೆಯೇ ನಿಂತ. ಬಾಗಿಲಷ್ಟಗಲದ ಆ ಪರದೆಯ ಮೇಲೆ ಈಗ ಉಳಿದದ್ದು 'ನಿಮ್ಮ ಹೆಸರು' ಎಂಬ ಎರಡು ಪದ, ಅದರ ಮುಂದೆ ಒಂದು ಖಾಲಿ ಚೌಕ, ಚೌಕದೊಳಗೆ ಮಿಣುಕುತ್ತ ಕಾಯುವ ಒಂದು ಗೆರೆ.